ಕಿಡ್ನಿ ಕಲ್ಲಿಗೆ ದಾರಿ ತೋರಿಸುವ ಚಿತ್ರಗಳು

ಕಿಡ್ನಿಯೊಳಗಿನ ಕಲ್ಲನ್ನು ಪುಡಿ ಮಾಡಲು ಇವತ್ತು ಬೇಕಾದಷ್ಟು ಸಲಕರಣೆಗಳಿವೆ. ಲೇಸರ್ ಇದೆ. ಗಾಳಿಯ ಒತ್ತಡದಿಂದ ಕುಟ್ಟುವ ಕಡ್ಡಿ ಇದೆ. ಕಂಪನದಿಂದ ಕಲ್ಲನ್ನು ಒಡೆದು, ಪುಡಿಯನ್ನೂ ಜೊತೆಗೇ ಹೀರಿಕೊಳ್ಳುವ ಯಂತ್ರವಿದೆ. ಕಲ್ಲಿನ ಎದುರಿಗೆ ಹೋಗಿ ನಿಂತ ಸರ್ಜನ್‌ಗೆ ಒಡೆಯುವ ಚಿಂತೆ ಅಷ್ಟಾಗಿ ಇರುವುದಿಲ್ಲ. ಅಲ್ಲಿಯವರೆಗೆ ಹೋಗುವುದೇ ದೊಡ್ಡ ಕೆಲಸ.

ಎಲ್ಲ ಕಲ್ಲಿಗೂ ಆಪರೇಷನ್ ಬೇಕಿಲ್ಲ. ನಾಲ್ಕೈದು ಮಿಲಿಮೀಟರಿನ ಕಲ್ಲು ಬಹಳ ಸಲ ಮೂತ್ರದ ಜೊತೆ ತಾನಾಗಿಯೇ ಹೊರಗೆ ಬರುತ್ತದೆ. ಅದಕ್ಕಿಂತ ದೊಡ್ಡದಾದರೆ ಹೊರಗಿನಿಂದ ಆಘಾತ ತರಂಗ ಕೊಟ್ಟು ಒಡೆಯಬಹುದು. ಇಲ್ಲವೇ ಮೂತ್ರ ಹೋಗುವ ದಾರಿಯಲ್ಲೇ ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆ, ಅಂದರೆ ಸ್ಕೋಪ್ ತೂರಿಸಿ ಲೇಸರ್ ಹಾಯಿಸಬಹುದು. ಆದರೆ ಕಲ್ಲು 2 ಸೆಂ.ಮೀ. ದಾಟಿದರೆ, ಅಥವಾ ಕಿಡ್ನಿಯೊಳಗೆ ಕವಲೊಡೆದು ಜಿಂಕೆ ಕೊಂಬಿನ ಆಕಾರಕ್ಕೆ ಬೆಳೆದುಬಿಟ್ಟರೆ, ಸಾಮಾನ್ಯವಾಗಿ ಪಿಸಿಎನ್‌ಎಲ್ (ಪರ್ಕ್ಯುಟೇನಿಯಸ್ ನೆಫ್ರೋಲಿಥಾಟಮಿ) ಎಂಬ ಆಪರೇಷನ್ ಮೊದಲ ಆಯ್ಕೆಯಾಗುತ್ತದೆ. ಬೆನ್ನಿನ ಚರ್ಮದಿಂದ ನೇರವಾಗಿ ಕಿಡ್ನಿಯೊಳಕ್ಕೆ ಒಂದು ಸೂಜಿ. ಸೂಜಿಯೊಳಗಿಂದ ತೆಳ್ಳಗಿನ ಗೈಡ್‌ವೈರ್. ಆ ತಂತಿಯ ಮೇಲೆ ಒಂದರ ನಂತರ ಒಂದು ದಪ್ಪ ಕೊಳವೆ ತೂರಿಸಿ ದಾರಿ ಅಗಲ ಮಾಡುವುದು. ಕೊನೆಗೆ ಆ ದಾರಿಯಲ್ಲಿ ಸ್ಕೋಪ್ ಇಳಿಸಿ ಕಲ್ಲು ಒಡೆದು ಹೊರಗೆಳೆಯುವುದು. ಹೀಗೆ ಚರ್ಮದ ಮೂಲಕ ದಾರಿ ಮಾಡಿ ಕಲ್ಲು ತೆಗೆದದ್ದನ್ನು 1976ರಲ್ಲಿ ಮೊದಲು ವರದಿ ಮಾಡಿದವರು ಸ್ವೀಡನ್‌ನ ಫರ್ನ್‌ಸ್ಟ್ರಾಮ್ ಮತ್ತು ಯೊಹಾನ್ಸನ್.

ಇದರಲ್ಲಿ ಎಲ್ಲವೂ ನಿಂತಿರುವುದು ಮೊದಲ ಸೂಜಿಯ ಮೇಲೆ. ಸೂಜಿ ಸರಿಯಾದ ಜಾಗಕ್ಕೆ ಹೋದರೆ ಮುಂದಿನ ಕೆಲಸ ಸಲೀಸು. ತಪ್ಪು ಜಾಗಕ್ಕೆ ಹೋದರೆ ಆ ತಪ್ಪು ದಾರಿಯನ್ನೇ 8–10 ಮಿ.ಮೀ. ಅಗಲ ಮಾಡಿದ ಹಾಗಾಗುತ್ತದೆ. ಆ ಸೂಜಿಗೆ ದಾರಿ ತೋರಿಸಲು ಇರುವುದು ಚಿತ್ರಗಳು ಮಾತ್ರ. ಸರ್ಜನ್‌ಗೆ ಹೊರಗಿನಿಂದ ಕಾಣುವುದು ಚರ್ಮವಷ್ಟೇ ಅಲ್ವಾ?

ದಾರಿಯಲ್ಲಿ ಏನೇನಿದೆ

ಕಿಡ್ನಿಯ ಉದ್ದ ಸುಮಾರು 10ರಿಂದ 12 ಸೆಂ.ಮೀ. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ ಇರುತ್ತದೆ. ಅದರ ಮೇಲಿನ ತುದಿ ಕೊನೆಯ ಪಕ್ಕೆಲುಬುಗಳ ಮರೆಯಲ್ಲಿದೆ. ಶ್ವಾಸಕೋಶವನ್ನು ಸುತ್ತುವರಿದ ಪೊರೆ ಕೂಡ ಅಲ್ಲಿಯವರೆಗೆ ಇಳಿದಿರುತ್ತದೆ. ಸೂಜಿ ಅದನ್ನು ಹಾದು ಹೋದರೆ ಎದೆಗೂಡಿನಲ್ಲಿ ನೀರೋ ಗಾಳಿಯೋ ತುಂಬಿಕೊಳ್ಳಬಹುದು. ಬಲಗಡೆ ಲಿವರ್ ಒತ್ತಿಕೊಂಡಿದೆ, ಎಡಗಡೆ ಗುಲ್ಮ. ಪಕ್ಕದಲ್ಲಿ ದೊಡ್ಡ ಕರುಳು. ಕೆಲವರಲ್ಲಿ ಆ ಕರುಳು ಕಿಡ್ನಿಯ ಹಿಂದಕ್ಕೂ ಸುತ್ತಿಕೊಂಡಿರುತ್ತದೆ, ಸರಿಯಾಗಿ ಸೂಜಿ ಹೋಗುವ ದಾರಿಯಲ್ಲೇ. ಕರುಳಿಗೆ ತೂತಾಗುವುದು ಅಪರೂಪ, ಆದರೆ ಹಾಗಾದರೆ ಅದು ಸಣ್ಣ ತೊಂದರೆಯಲ್ಲ.

ಇದೆಲ್ಲ ಕಿಡ್ನಿಯ ಹೊರಗಿನ ಮಾತು. ಒಳಗೆ ರಕ್ತದ್ದೇ ಚಿಂತೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಎರಡು ಕಿಡ್ನಿಗಳಿಗೆ ಹೋಗುತ್ತದೆ. ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು. ಅಷ್ಟು ರಕ್ತ ಓಡಾಡುವ ಅಂಗಕ್ಕೆ ಸೂಜಿ ಚುಚ್ಚುವಾಗ ಎಲ್ಲಿ ಬೇಕಾದರಲ್ಲಿ ಚುಚ್ಚಲಾಗದು.

ಇಲ್ಲೊಂದು ಸ್ವಾರಸ್ಯದ ಸಂಗತಿ ಇದೆ. ಕಿಡ್ನಿಯ ಮುಂಭಾಗಕ್ಕೆ ರಕ್ತ ಕೊಡುವ ಕವಲು ಬೇರೆ, ಹಿಂಭಾಗಕ್ಕೆ ಕೊಡುವ ಕವಲು ಬೇರೆ. ಇವೆರಡರ ಗಡಿಯಲ್ಲಿ ದೊಡ್ಡ ರಕ್ತನಾಳಗಳು ಕಡಿಮೆ ಇರುವ ಒಂದು ಪಟ್ಟಿ ಸಿಗುತ್ತದೆ. ಇದನ್ನು 1901ರಲ್ಲಿ ವಿವರಿಸಿದವರು ಮ್ಯಾಕ್ಸ್ ಬ್ರೋಡೆಲ್. ಅವರು ಸರ್ಜನ್ ಅಲ್ಲ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. ಕಿಡ್ನಿಯ ಸರ್ಜರಿಯಲ್ಲಿ ಇವತ್ತಿಗೂ ಅವರ ಹೆಸರಿನ ಗೆರೆಯ ಮಾತು ಬರುತ್ತದೆ.

ಕಿಡ್ನಿಯ ಒಳಗೆ ಮೂತ್ರ ಮೊದಲು ಬಂದು ಬೀಳುವುದು ಬಟ್ಟಲಿನಂಥ ಸಣ್ಣ ಜಾಗಗಳಿಗೆ. ವೈದ್ಯರು ಇವನ್ನು ಕ್ಯಾಲಿಕ್ಸ್ ಅನ್ನುತ್ತಾರೆ. ಪ್ರತಿ ಕ್ಯಾಲಿಕ್ಸ್‌ಗೂ ಒಂದು ಕಿರಿದಾದ ಕುತ್ತಿಗೆ ಇದೆ. ಕುತ್ತಿಗೆಗಳೆಲ್ಲ ಸೇರಿ ನಡುವಿನ ದೊಡ್ಡ ಕುಳಿಗೆ ತೆರೆದುಕೊಳ್ಳುತ್ತವೆ. ಅಲ್ಲಿಂದ ಮೂತ್ರನಾಳ ಕೆಳಗೆ ಹೋಗುತ್ತದೆ. ಸೂಜಿ ಹೋಗಬೇಕಾದ್ದು ಬಟ್ಟಲಿನ ತಳದ ನಡುವಿನಿಂದ, ಅದೂ ಸಾಮಾನ್ಯವಾಗಿ ಹಿಂಬದಿಗೆ ಮುಖ ಮಾಡಿದ ಬಟ್ಟಲಿನದು. ಕುತ್ತಿಗೆಯ ಪಕ್ಕದಿಂದ ನುಗ್ಗಿದರೆ ದೊಡ್ಡ ರಕ್ತನಾಳಕ್ಕೆ ತಗುಲುವ ಭಯ ಜಾಸ್ತಿ. ಈ ನಿಯಮವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕಿಲ್ಲ ಎನ್ನುವ ಸರ್ಜನ್‌ಗಳೂ ಇದ್ದಾರೆ. ಆ ಚರ್ಚೆ ನಡೆಯುತ್ತಲೇ ಇದೆ. ಹೆಚ್ಚಿನವರು ಕಲಿಯುವುದು, ಕಲಿಸುವುದು ಮಾತ್ರ ಬಟ್ಟಲಿನ ತಳದ ದಾರಿಯನ್ನೇ.

ಬಟ್ಟಲಿನ ಅಗಲ ಎಷ್ಟು? ಮೂತ್ರ ಕಟ್ಟಿಕೊಂಡು ಊದಿದ್ದರೆ ಒಂದೆರಡು ಸೆಂಟಿಮೀಟರ್ ಇದ್ದೀತು. ಊದದೇ ಇದ್ದರೆ ಒಂದು ಸೆಂಟಿಮೀಟರ್ ಸಿಕ್ಕುವುದೂ ಕಷ್ಟ. ಚರ್ಮದಿಂದ ಎಷ್ಟೋ ಸೆಂಟಿಮೀಟರ್ ಆಳದಲ್ಲಿರುವ ಈ ಗುರಿ ಸುಮ್ನೆ ಕೂತಿರುವುದೂ ಇಲ್ಲ. ಉಸಿರೆಳೆದಾಗ ಕಿಡ್ನಿ ಕೆಳಗೆ ಜಾರುತ್ತದೆ, ಬಿಟ್ಟಾಗ ಮೇಲೇರುತ್ತದೆ. ಸಾಮಾನ್ಯ ಉಸಿರಾಟದಲ್ಲೇ ಒಂದೆರಡು ಸೆಂ.ಮೀ. ಓಡಾಡುವುದುಂಟು. ಊದದ ಬಟ್ಟಲಾದರೆ ಗುರಿಯ ಅಗಲಕ್ಕಿಂತ ಅದರ ಓಡಾಟವೇ ಜಾಸ್ತಿ.

ಒಂದೊಂದು ಯಂತ್ರಕ್ಕೆ ಏನು ಕಾಣುತ್ತದೆ

ಸಿಟಿ ಸ್ಕ್ಯಾನ್‌ನಿಂದ ಶುರು ಮಾಡೋಣ. ಕಲ್ಲಿದೆಯಾ ಇಲ್ಲವಾ ಅನ್ನುವ ಪ್ರಶ್ನೆಗೆ ಇವತ್ತು ಅತ್ಯಂತ ನಂಬಿಕೆಯ ಉತ್ತರ ಕೊಡುವುದು ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಹಾಕದ ಸಿಟಿ. ಯೂರಿಕ್ ಆಸಿಡ್ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸಿಟಿಯಲ್ಲಿ ಕಾಣುತ್ತದೆ. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಯಾವ ಬಟ್ಟಲಿಗೆ ಕವಲು ಚಾಚಿದೆ, ಕರುಳು ಎಲ್ಲಿದೆ, ಪಕ್ಕೆಲುಬು ಎಲ್ಲಿದೆ, ಎಲ್ಲವೂ ಮೂರು ಆಯಾಮದಲ್ಲಿ ಸಿಗುತ್ತದೆ. ಕಲ್ಲಿನ ಗಟ್ಟಿತನದ ಅಂದಾಜು ಕೂಡ ಸಿಗುತ್ತದೆ. ಸಿಟಿ ಕಂಡುಹಿಡಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಕಲ್ಲಿನ ಅಂಕಿ 1000 ದಾಟಿದರೆ ಅದು ಗಟ್ಟಿ ಕಲ್ಲು, ಆಘಾತ ತರಂಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಎಂದು ಅರ್ಥ. ಯೂರಿಕ್ ಆಸಿಡ್ ಕಲ್ಲಿನ ಅಂಕಿ ಇದಕ್ಕಿಂತ ಸಾಕಷ್ಟು ಕೆಳಗಿರುತ್ತದೆ. ಅಂಥ ಕಲ್ಲನ್ನು ಎಷ್ಟೋ ಸಲ ಔಷಧಿಯಿಂದಲೇ ಕರಗಿಸಬಹುದು.

ಇಷ್ಟೆಲ್ಲ ಗೊತ್ತಿರುವ ಸಿಟಿಗೆ ಗೊತ್ತಿಲ್ಲದ್ದು ಒಂದೇ: ಈಗ ಏನಾಗುತ್ತಿದೆ ಎಂಬುದು. ಅದು ಕಳೆದ ವಾರದ್ದೋ ಕಳೆದ ತಿಂಗಳದ್ದೋ ಚಿತ್ರ. ರೋಗಿ ಅಂಗಾತ ಮಲಗಿ, ಉಸಿರು ಹಿಡಿದಾಗ ತೆಗೆದದ್ದು. ಆಪರೇಷನ್ ದಿನ ಅದೇ ರೋಗಿಯನ್ನು ಬಹಳ ಕಡೆ ಬೋರಲು ಮಲಗಿಸುತ್ತಾರೆ. ಮಗ್ಗುಲು ಬದಲಾದರೆ ಕಿಡ್ನಿ ಜಾರುತ್ತದೆ, ಸ್ವಲ್ಪ ತಿರುಗುತ್ತದೆ, ಕರುಳೂ ಜಾಗ ಬದಲಿಸುತ್ತದೆ. ಕಲ್ಲು ಸಣ್ಣದಾಗಿದ್ದರೆ ಅದೂ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗಿರಬಹುದು.

ಎರಡನೆಯದು ಫ್ಲೋರೋಸ್ಕೋಪಿ. ಅಂದರೆ ಆಪರೇಷನ್ ಟೇಬಲ್ ಪಕ್ಕದಲ್ಲೇ ನಿಂತಿರುವ, ಅರ್ಧಚಂದ್ರದ ಆಕಾರದ ಸಿ-ಆರ್ಮ್ ಯಂತ್ರದಿಂದ ಬರುವ ಚಲಿಸುವ ಎಕ್ಸ್‌ರೇ. ಮೊದಲು ಮೂತ್ರದ ದಾರಿಯಿಂದ ತೆಳ್ಳಗಿನ ಕೊಳವೆಯನ್ನು ಕಿಡ್ನಿಯವರೆಗೆ ಏರಿಸುತ್ತಾರೆ. ಅದರಲ್ಲಿ ಕಾಂಟ್ರಾಸ್ಟ್ ದ್ರವ ಬಿಟ್ಟರೆ ಬಟ್ಟಲುಗಳು, ಕುತ್ತಿಗೆಗಳು, ನಡುವಿನ ಕುಳಿ ಎಲ್ಲವೂ ಪರದೆಯ ಮೇಲೆ ಎದ್ದು ಕಾಣುತ್ತವೆ. ಸೂಜಿ, ತಂತಿ, ಕೊಳವೆಗಳಂತೂ ಸ್ಪಷ್ಟ. ತಂತಿ ಕಿಡ್ನಿಯೊಳಗೆ ಸುರುಳಿ ಸುತ್ತಿತೇ, ಮೂತ್ರನಾಳಕ್ಕೆ ಇಳಿಯಿತೇ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಯಂತ್ರವಿಲ್ಲ.

ಆದರೆ ಎಕ್ಸ್‌ರೇ ಅಂದರೆ ನೆರಳು. ನೆರಳಿಗೆ ಆಳ ಇರುವುದಿಲ್ಲ. ಪರದೆಯ ಮೇಲೆ ಸೂಜಿಯ ತುದಿ ಬಟ್ಟಲಿಗೆ ಮುಟ್ಟಿದಂತೆ ಕಂಡರೂ ನಿಜವಾಗಿ ಅದರ ಮೇಲೋ ಕೆಳಗೋ ಎರಡು ಸೆಂ.ಮೀ. ದೂರದಲ್ಲಿರಬಹುದು. ಇದಕ್ಕೆ ಸರ್ಜನ್‌ಗಳು ಉಪಾಯ ಕಂಡುಕೊಂಡಿದ್ದಾರೆ. ಸಿ-ಆರ್ಮ್ ಅನ್ನು ಸುಮಾರು 30 ಡಿಗ್ರಿ ಓರೆ ಮಾಡಿ, ಸೂಜಿಯನ್ನು ಕಿರಣದ ಸಾಲಿನಲ್ಲೇ ಹಿಡಿಯುತ್ತಾರೆ. ಆಗ ಸೂಜಿ ಪರದೆಯಲ್ಲಿ ಒಂದು ಚುಕ್ಕಿಯಾಗುತ್ತದೆ. ಚುಕ್ಕಿ ಬಟ್ಟಲಿನ ಮೇಲೆ ಕೂತರೆ ದಿಕ್ಕು ಸರಿ. ಆಮೇಲೆ ಯಂತ್ರವನ್ನು ಬೇರೆ ಕೋನಕ್ಕೆ ತಿರುಗಿಸಿ ಆಳ ನೋಡುತ್ತಾರೆ. ಎರಡು ನೆರಳುಗಳಿಂದ ಒಂದು ವಸ್ತುವಿನ ಜಾಗ ಲೆಕ್ಕ ಹಾಕುವ ಕಲೆ ಇದು. ಕೈಗೆ ಕೂರಲು ವರ್ಷಗಳು ಬೇಕು. ಕೂತ ಮೇಲೂ ಒಂದು ಕೊರತೆ ಉಳಿಯುತ್ತದೆ. ಕರುಳು, ಲಿವರ್, ರಕ್ತನಾಳ ಇವು ಈ ನೆರಳಿನಲ್ಲಿ ಸರಿಯಾಗಿ ಮೂಡುವುದೇ ಇಲ್ಲ. ಜೊತೆಗೆ ವಿಕಿರಣ. ರೋಗಿಗೆ ಒಂದು ದಿನದ ಪ್ರಶ್ನೆ, ಓಟಿಯಲ್ಲಿ ದಿನವೂ ನಿಲ್ಲುವವರಿಗೆ ಇಡೀ ವೃತ್ತಿಯ ಪ್ರಶ್ನೆ. ಅವರು ತೊಡುವ ಸೀಸದ ಏಪ್ರನ್ ಭಾರ ಬೇರೆ.

ಮೂರನೆಯದು ಅಲ್ಟ್ರಾಸೌಂಡ್. ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನದ ಶಬ್ದವನ್ನು ದೇಹದೊಳಕ್ಕೆ ಕಳಿಸಿ, ವಾಪಸ್ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ದೇಹದ ಮೃದು ಭಾಗಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 10 ಸೆಂ.ಮೀ. ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಸಾಕು. ಅದಕ್ಕೇ ಚಿತ್ರ ಆ ಕ್ಷಣದ್ದಾಗಿರುತ್ತದೆ. ಕಿಡ್ನಿ ಉಸಿರಿಗೆ ಜಾರುವುದು ಕಣ್ಣೆದುರೇ ಕಾಣುತ್ತದೆ. ಚರ್ಮದಿಂದ ಕಿಡ್ನಿಯವರೆಗಿನ ಪದರಗಳು, ನಡುವೆ ಬರುವ ಲಿವರ್, ಗುಲ್ಮ, ಕರುಳು, ಎಲ್ಲದರ ಸುಳಿವು ಸಿಗುತ್ತದೆ. ಡಾಪ್ಲರ್ ಒತ್ತಿದರೆ ಓಡುವ ರಕ್ತ ಬಣ್ಣದಲ್ಲಿ ಕಾಣುತ್ತದೆ. ಕಲ್ಲಿನ ಹಿಂದೆ ಕಪ್ಪು ನೆರಳು ಬೀಳುತ್ತದೆ. ಡಾಪ್ಲರ್‌ನಲ್ಲಿ ಕೆಲವು ಕಲ್ಲುಗಳ ಹಿಂದೆ ಬಣ್ಣಗಳು ಮಿನುಗುವುದೂ ಉಂಟು. ಅಲ್ಲಿ ರಕ್ತ ಏನೂ ಓಡುತ್ತಿರುವುದಿಲ್ಲ. ಅದು ಯಂತ್ರ ಮೋಸಹೋಗುವ ರೀತಿ, ಆದರೆ ಕಲ್ಲು ಹುಡುಕಲು ಉಪಯೋಗಕ್ಕೆ ಬರುವ ಮೋಸ. ವಿಕಿರಣವಂತೂ ಸೊನ್ನೆ. ಗರ್ಭಿಣಿಯರಲ್ಲಿ, ಮಕ್ಕಳಲ್ಲಿ ಮೊದಲು ಇದನ್ನೇ ಹಿಡಿಯುವುದು ಅದಕ್ಕೇ.

ಇದರ ಕೊರತೆಗಳೂ ಸಣ್ಣವಲ್ಲ. ದಪ್ಪ ಮೈಯವರಲ್ಲಿ ಚಿತ್ರ ಮಸುಕು. ಪಕ್ಕೆಲುಬು ಅಡ್ಡ ಬಂದರೆ ಅದರ ಹಿಂದೆ ಕತ್ತಲು. ಕರುಳಿನೊಳಗಿನ ಗಾಳಿಯೂ ಅಡ್ಡಿ. ಊದದ ಕಿಡ್ನಿಯಲ್ಲಿ ಬಟ್ಟಲುಗಳನ್ನು ಗುರುತಿಸುವುದೇ ಕಷ್ಟ. ಸೂಜಿ ಅಲ್ಟ್ರಾಸೌಂಡ್ ಒಂದು ಸಲಕ್ಕೆ ತೋರಿಸುವ ತೆಳ್ಳಗಿನ ಸೀಳಿನಿಂದ ಚೂರು ಹೊರಳಿದರೂ ತುದಿ ಮಾಯ. ತಂತಿ, ಕೊಳವೆ ಹಾಕುವ ಹಂತಕ್ಕೆ ಬಂದ ಮೇಲೆ ಇದು ಹೇಳುವುದು ಇನ್ನೂ ಕಡಿಮೆ.

ಎರಡನ್ನೂ ಒಟ್ಟಿಗೆ ಬಳಸುವುದು

ಒಂದು ಯಂತ್ರದ ಕುರುಡು ಜಾಗದಲ್ಲೇ ಇನ್ನೊಂದಕ್ಕೆ ಚೆನ್ನಾಗಿ ಕಾಣುತ್ತದೆ. ಚಿತ್ರಗಳನ್ನು ಜೋಡಿಸುವ ಯೋಚನೆ ಹುಟ್ಟುವುದು ಇಲ್ಲಿಂದಲೇ.

ಅತ್ಯಂತ ಸರಳ ಜೋಡಣೆಗೆ ಹೊಸ ಕಂಪ್ಯೂಟರ್ ಏನೂ ಬೇಡ. ಆಪರೇಷನ್‌ಗೆ ಮುಂಚೆ ಸಿಟಿ ನೋಡಿ ಯಾವ ಬಟ್ಟಲಿಗೆ ಹೋಗಬೇಕು, ಪಕ್ಕೆಲುಬಿನ ಕೆಳಗಿನಿಂದಲೋ ನಡುವಿನಿಂದಲೋ ಎಂದು ತೀರ್ಮಾನಿಸುತ್ತಾರೆ. ಓಟಿಯಲ್ಲಿ ಅಲ್ಟ್ರಾಸೌಂಡ್ ಹಿಡಿದು ಸೂಜಿ ಹಾಕುತ್ತಾರೆ. ದಾರಿಯಲ್ಲಿ ಕರುಳಿಲ್ಲ, ದೊಡ್ಡ ರಕ್ತನಾಳವಿಲ್ಲ ಎಂದು ಅಲ್ಲೇ ಖಾತ್ರಿಯಾಗುತ್ತದೆ. ಸೂಜಿಯಿಂದ ಮೂತ್ರ ತೊಟ್ಟಿಕ್ಕಿದರೆ ಒಳಗೆ ಹೋಗಿದ್ದೇವೆ ಎಂದರ್ಥ. ಅಲ್ಲಿಂದ ಮುಂದೆ ಕೆಲಸ ಸಿ-ಆರ್ಮ್‌ನದು. ತಂತಿ ಎಲ್ಲಿ ಹೋಯಿತು, ಕೊಳವೆ ಎಷ್ಟು ಆಳಕ್ಕೆ ಇಳಿಯಿತು ಅನ್ನುವುದಕ್ಕೆ ಆಗೊಮ್ಮೆ ಈಗೊಮ್ಮೆ ಪೆಡಲ್ ಒತ್ತಿದರೆ ಸಾಕು. ಸೂಜಿ ಹುಡುಕಾಟದ ಹೊತ್ತಿನ ಎಕ್ಸ್‌ರೇ ಅಷ್ಟೂ ಉಳಿಯಿತು.

ಈ ಜೋಡಣೆ ಸರ್ಜನ್‌ನ ತಲೆಯೊಳಗೆ ನಡೆಯುತ್ತದೆ. ಮೂರು ಚಿತ್ರ ಮೂರು ಪರದೆಯಲ್ಲಿ, ಒಂದುಗೂಡಿಸುವುದು ಅವರ ಅನುಭವ. ನನ್ನನ್ನು ಕೇಳಿದರೆ, ಜೋಡಿ ಚಿತ್ರಗಳಿಂದ ಸಿಗುವ ಲಾಭದ ದೊಡ್ಡ ಪಾಲು ಈ ಸಾದಾ ಹಂತದಲ್ಲೇ ಬಂದುಬಿಡುತ್ತದೆ. ಹೊಳೆಯುವ ಹೊಸ ಯಂತ್ರಗಳ ಸುದ್ದಿ ಓದುವಾಗ ಇದು ಮರೆತುಹೋಗುತ್ತದೆ.

ಇನ್ನೊಂದು ಜೋಡಣೆಯೂ ಇದೆ. ಅದನ್ನು ಚಿತ್ರ ಎಂದು ಲೆಕ್ಕಕ್ಕೇ ತೆಗೆದುಕೊಳ್ಳದವರು ಜಾಸ್ತಿ. ಒಬ್ಬ ಸರ್ಜನ್ ಬೆನ್ನಿನ ಕಡೆಯಿಂದ ಸೂಜಿ ಹಾಕುವಾಗ ಇನ್ನೊಬ್ಬರು ಮೂತ್ರದ ದಾರಿಯಿಂದ ಬಾಗುವ ಸ್ಕೋಪ್ ಏರಿಸಿ ಕಿಡ್ನಿಯೊಳಗೆ ಕಾಯುತ್ತಾರೆ. ಸೂಜಿ ಬಟ್ಟಲಿನ ತಳದಿಂದ ಒಳಗೆ ಬಂತೇ, ಪಕ್ಕದಿಂದ ಬಂತೇ ಎಂಬುದು ಕ್ಯಾಮೆರಾದಲ್ಲಿ ನೇರವಾಗಿ ಕಾಣುತ್ತದೆ. ಇದಕ್ಕೆ ರೋಗಿಯನ್ನು ಅಂಗಾತ, ಒಂದು ಪಕ್ಕ ತುಸು ಎತ್ತಿ ಮಲಗಿಸಿದರೆ ಅನುಕೂಲ. ಅಂಗಾತ ಮಲಗಿಸಿ ಪಿಸಿಎನ್‌ಎಲ್ ಮಾಡುವ ಪದ್ಧತಿಯನ್ನು 1980ರ ದಶಕದಲ್ಲಿ ಬೆಳೆಸಿದವರು ಸ್ಪೇನ್‌ನ ವಾಲ್ಡಿವಿಯಾ. ಹೊರಗಿನ ಚಿತ್ರಗಳು ಹೇಳಿದ್ದು ನಿಜವೋ ಸುಳ್ಳೋ ಎಂದು ಒಳಗಿನಿಂದ ತಾಳೆ ನೋಡುವ ಈ ವಿಧಾನ ನನಗೆ ಎಲ್ಲಕ್ಕಿಂತ ಪ್ರಾಮಾಣಿಕವಾಗಿ ಕಾಣುತ್ತದೆ. ಆದರೆ ಇಬ್ಬರು ಸರ್ಜನ್, ಎರಡು ಸ್ಕೋಪ್ ಬೇಕು. ಎಲ್ಲ ಕಡೆ ಆಗುವ ಮಾತಲ್ಲ.

ಸಿಟಿಯನ್ನು ಅಲ್ಟ್ರಾಸೌಂಡ್ ಮೇಲೆ ಕೂರಿಸುವುದು

ಈಗ ಕಂಪ್ಯೂಟರ್ ಮಾಡುವ ಜೋಡಣೆಗೆ ಬರೋಣ. ಇದನ್ನು ಇಮೇಜ್ ಫ್ಯೂಷನ್ ಅನ್ನುತ್ತಾರೆ. ಪರದೆಯ ಮೇಲೆ ಅಲ್ಟ್ರಾಸೌಂಡ್‌ನ ಆ ಕ್ಷಣದ ಚಿತ್ರ. ಅದರ ಪಕ್ಕದಲ್ಲಿ ಅಥವಾ ಅದರ ಮೇಲೆಯೇ, ಹಿಂದೆ ತೆಗೆದ ಸಿಟಿಯ ಅದೇ ಸೀಳು. ಪ್ರೋಬ್ ಅನ್ನು, ಅಂದರೆ ಮೈಮೇಲೆ ಹಿಡಿಯುವ ಅಲ್ಟ್ರಾಸೌಂಡ್ ಹಿಡಿಯನ್ನು ಈ ಕಡೆ ವಾಲಿಸಿದರೆ ಸಿಟಿ ಚಿತ್ರವೂ ಈ ಕಡೆ ವಾಲುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಪಕ್ಕೆಲುಬಿನ ಹಿಂದೆ ಕತ್ತಲಾದ ಜಾಗದಲ್ಲಿ ಏನಿದೆ ಎಂದು ಸಿಟಿ ತೋರಿಸುತ್ತದೆ. ಸಿಟಿಗೆ ಗೊತ್ತಿಲ್ಲದ ಉಸಿರಿನ ಓಡಾಟವನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ.

ಇದು ಹೇಗೆ ಸಾಧ್ಯ? ಮೊದಲು ಕಂಪ್ಯೂಟರಿಗೆ ಪ್ರೋಬ್ ಎಲ್ಲಿದೆ, ಯಾವ ಕೋನದಲ್ಲಿದೆ ಎಂದು ತಿಳಿಯಬೇಕು. ಇದಕ್ಕೆ ರೋಗಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ. ಅದು ದುರ್ಬಲವಾದ ಕಾಂತಕ್ಷೇತ್ರ ಹರಡುತ್ತದೆ. ಪ್ರೋಬ್‌ಗೆ ಅಂಟಿಸಿದ ಪುಟ್ಟ ಸೆನ್ಸರ್ ಆ ಕ್ಷೇತ್ರದಲ್ಲಿ ತಾನೆಲ್ಲಿದ್ದೇನೆ ಎಂದು ಕ್ಷಣಕ್ಷಣಕ್ಕೂ ವರದಿ ಮಾಡುತ್ತದೆ. ಸೂಜಿಗೂ ಅಂಥದ್ದೇ ಸೆನ್ಸರ್ ಇದ್ದರೆ ಅದರ ತುದಿ ಎಲ್ಲಿಗೆ ಹೋಗಲಿದೆ ಎಂಬ ಗೆರೆಯನ್ನೂ ಮುಂಚೆಯೇ ಪರದೆಯಲ್ಲಿ ಎಳೆಯಬಹುದು.

ಇನ್ನು ಎರಡು ಲೋಕಗಳನ್ನು ಹೊಂದಿಸಬೇಕು. ಸಿಟಿಗೆ ಅದರದೇ ಅಳತೆ, ಅದರದೇ ದಿಕ್ಕು. ಓಟಿಯ ಟೇಬಲ್‌ಗೆ ಬೇರೆ. ಎರಡರಲ್ಲೂ ಸ್ಪಷ್ಟವಾಗಿ ಕಾಣುವ ಕೆಲವು ಬಿಂದುಗಳನ್ನು ಆರಿಸಿ, ಇದೇ ಅದು ಎಂದು ಕಂಪ್ಯೂಟರಿಗೆ ಹೇಳಬೇಕು. ಒಂದೇ ಗೆರೆಯಲ್ಲಿ ಇಲ್ಲದ ಮೂರು ಬಿಂದುಗಳಾದರೂ ಬೇಕು. ಜಾಸ್ತಿ ಇದ್ದಷ್ಟು ಒಳ್ಳೆಯದು. ಕಿಡ್ನಿಯ ಕೆಳತುದಿ, ರಕ್ತನಾಳ ಕವಲೊಡೆಯುವ ಜಾಗ, ಒಂದು ನೀರುಗುಳ್ಳೆ ಇದ್ದರೆ ಅದು. ಈ ವಿಷಯದಲ್ಲಿ ಕಲ್ಲಿನ ಸರ್ಜನ್‌ಗೆ ಒಂದು ಅದೃಷ್ಟ ಇದೆ. ಬೇರೆ ಅಂಗಗಳಲ್ಲಿ ಹುಡುಕುವ ಗಡ್ಡೆ ಎಷ್ಟೋ ಸಲ ಅಲ್ಟ್ರಾಸೌಂಡ್‌ನಲ್ಲಿ ಕಾಣುವುದೇ ಇಲ್ಲ. ಕಲ್ಲು ಹಾಗಲ್ಲ. ಸಿಟಿಯಲ್ಲೂ ಬೆಳ್ಳಗೆ ಹೊಳೆಯುತ್ತದೆ, ಅಲ್ಟ್ರಾಸೌಂಡ್‌ನಲ್ಲೂ. ತೆಗೆಯಬೇಕಾದ ವಸ್ತುವೇ ಗುರುತಿನ ಕಲ್ಲೂ ಆಗುತ್ತದೆ.

ಹೊಂದಿಸಿದ ಮೇಲೆ ಪರೀಕ್ಷೆ ಮಾಡದೆ ಮುಂದೆ ಹೋಗುವಂತಿಲ್ಲ. ಆರಿಸಿದ ಬಿಂದುಗಳಲ್ಲಿ ಎರಡೂ ಚಿತ್ರ ತಾಳೆಯಾಗುವುದು ದೊಡ್ಡದಲ್ಲ. ಅವನ್ನು ಹಾಗೆ ಹೊಂದಿಸಿದ್ದೇ ನಾವು. ಆರಿಸದೇ ಬಿಟ್ಟ ಜಾಗಕ್ಕೆ, ಅದರಲ್ಲೂ ಸೂಜಿ ಹೋಗಬೇಕಾದ ಬಟ್ಟಲಿಗೆ ಪ್ರೋಬ್ ಒಯ್ದು ನೋಡಬೇಕು. ಅಲ್ಲೂ ಗೆರೆಗಳು ಒಂದರ ಮೇಲೊಂದು ಕೂತರೆ ನಂಬಬಹುದು. ಗುರಿಯೇ ಒಂದು ಸೆಂ.ಮೀ. ಇರುವಾಗ ಐದು ಮಿ.ಮೀ. ವ್ಯತ್ಯಾಸ ಅಂದರೆ ಬಟ್ಟಲಿನ ನಡುವಿನಿಂದ ಅಂಚಿಗೆ ಹೋದ ಹಾಗೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಫ್ಯೂಷನ್‌ನ ಗುಣದೋಷ ಎರಡೂ ಅರ್ಥವಾಗುತ್ತವೆ. ಮೊದಲ ಕಾರಣ ಉಸಿರು. ಪೂರ್ತಿ ಅರಿವಳಿಕೆಯಲ್ಲಿ ಉಸಿರಾಟ ಯಂತ್ರದ ಕೈಯಲ್ಲಿರುವುದರಿಂದ ಅರಿವಳಿಕೆ ವೈದ್ಯರು ಸೂಜಿ ಹಾಕುವ ಕ್ಷಣದಲ್ಲಿ ಉಸಿರನ್ನು ತುಸು ಹೊತ್ತು ನಿಲ್ಲಿಸಬಲ್ಲರು. ಪ್ರತಿ ಸಲವೂ ಉಸಿರಿನ ಅದೇ ಹಂತದಲ್ಲಿ ನಿಲ್ಲಿಸಿದರೆ ಕಿಡ್ನಿಯೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎರಡನೆಯದು ಮಲಗಿದ ಭಂಗಿ. ಬೋರಲು ಮಲಗಿಸಿ ಆಪರೇಷನ್ ಮಾಡುವುದಾದರೆ ಸಿಟಿಯನ್ನೂ ಬೋರಲು ಮಲಗಿಸಿಯೇ ತೆಗೆದಿದ್ದರೆ ಚೆನ್ನ. ಮೂರನೆಯದು ಕಬ್ಬಿಣ. ಟೇಬಲ್, ಸಲಕರಣೆಗಳ ಲೋಹ ಹತ್ತಿರ ಬಂದರೆ ಕಾಂತಕ್ಷೇತ್ರ ಡೊಂಕಾಗಿ ಸೆನ್ಸರ್ ತಪ್ಪು ಹೇಳುತ್ತದೆ.

ಇನ್ನೊಂದು ಕಾರಣಕ್ಕೆ ಮದ್ದಿಲ್ಲ. ಸಾಮಾನ್ಯ ಫ್ಯೂಷನ್ ಯಂತ್ರ ಕಿಡ್ನಿಯನ್ನು ಗಟ್ಟಿ ವಸ್ತುವೆಂದು ಭಾವಿಸುತ್ತದೆ. ಜರುಗಿಸುತ್ತದೆ, ತಿರುಗಿಸುತ್ತದೆ, ಆದರೆ ಬಗ್ಗಿಸುವುದಿಲ್ಲ. ನಿಜವಾದ ಕಿಡ್ನಿ ಸೂಜಿ ಒತ್ತಿದರೆ ಬಗ್ಗುತ್ತದೆ. ಒಳಗೆ ನೀರು ಬಿಟ್ಟರೆ ಬಟ್ಟಲುಗಳು ಊದುತ್ತವೆ. ಕಲ್ಲು ಒಡೆಯಲು ಶುರುವಾದ ಮೇಲಂತೂ ಸಿಟಿಯಲ್ಲಿದ್ದ ಕಲ್ಲು ಅಲ್ಲಿರುವುದೇ ಇಲ್ಲ, ಚೂರುಗಳು ಎಲ್ಲೆಲ್ಲೋ ಓಡಾಡುತ್ತವೆ. ಹಾಗಾಗಿ ಫ್ಯೂಷನ್‌ನ ಸಿಟಿ ಮೊದಲ ಸೂಜಿಗೆ ಭಾಳ ಉಪಕಾರಿ, ಆಮೇಲೆ ಆಮೇಲೆ ಹಳತಾಗುತ್ತ ಹೋಗುತ್ತದೆ. ಎರಡು ಚಿತ್ರ ಜಗಳವಾಡಿದರೆ ಸರ್ಜನ್ ನಂಬಬೇಕಾದದ್ದು ಆ ಕ್ಷಣದ ಅಲ್ಟ್ರಾಸೌಂಡನ್ನು. ಪರದೆಯ ಮೇಲೆ ಬಣ್ಣ ಬಣ್ಣವಾಗಿ, ಅಚ್ಚುಕಟ್ಟಾಗಿ ಕಾಣುವುದು ಮಾತ್ರ ಸಿಟಿ. ಅಪಾಯ ಇರುವುದು ಇಲ್ಲೇ. ಚೆಂದದ ಚಿತ್ರಕ್ಕೆ ಕಣ್ಣು ಬೇಗ ಸೋಲುತ್ತದೆ.

ಹಳೆಯ ಚಿತ್ರವನ್ನು ಈಗಿನ ದೇಹಕ್ಕೆ ಹೊಂದಿಸುವ ಈ ತೊಡಕಿಗೆ ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಹುಡುಕಿದ್ದಾರೆ. ಜರ್ಮನಿಯ ರಾಸ್ವೈಲರ್ ಮತ್ತು ಸಂಗಡಿಗರು 2012ರಲ್ಲಿ ಐಪ್ಯಾಡ್ ಬಳಸಿದ ಅನುಭವ ಪ್ರಕಟಿಸಿದರು. ಬೆನ್ನಿನ ಮೇಲೆ ಗುರುತುಗಳನ್ನು ಅಂಟಿಸಿ ಸಿಟಿ ತೆಗೆಯುವುದು, ಆಮೇಲೆ ಐಪ್ಯಾಡ್ ಕ್ಯಾಮೆರಾ ಅದೇ ಗುರುತುಗಳನ್ನು ನೋಡಿ ಚರ್ಮದ ಮೇಲೆ ಕಿಡ್ನಿಯ ಚಿತ್ರ ತೋರಿಸುವುದು. ನೋಡಲು ಚರ್ಮವೇ ಗಾಜಾದಂತೆ ಇರುತ್ತದೆ. ಪೋರ್ಚುಗಲ್‌ನ ತಂಡವೊಂದು 2017ರಲ್ಲಿ ಇನ್ನೊಂದು ದಾರಿ ತೋರಿಸಿತು. ಮೂತ್ರದ ದಾರಿಯಿಂದ ಸೆನ್ಸರ್ ಇರುವ ಕೊಳವೆಯನ್ನು ಗುರಿಯ ಬಟ್ಟಲಿಗೇ ಏರಿಸಿಟ್ಟು, ಸೂಜಿಯ ತುದಿಯಲ್ಲಿನ ಸೆನ್ಸರ್ ಅದನ್ನು ಹುಡುಕಿಕೊಂಡು ಹೋಗುವಂತೆ ಮಾಡಿದರು. ಇದರ ಜಾಣತನ ನೋಡಿ: ಗುರಿ ಕಿಡ್ನಿಯೊಳಗೇ ಕೂತಿದೆ. ಉಸಿರಿಗೆ ಕಿಡ್ನಿ ಜಾರಿದರೆ ಗುರಿಯೂ ಅದರ ಜೊತೆಗೇ ಜಾರುತ್ತದೆ. ಹಳೆಯ ಚಿತ್ರವನ್ನು ಹೊಸ ದೇಹಕ್ಕೆ ಹೊಂದಿಸುವ ತಾಪತ್ರಯವೇ ಇಲ್ಲ.

ಇನ್ನು ಕೆಲವು ಆಸ್ಪತ್ರೆಗಳಲ್ಲಿ ಸಿ-ಆರ್ಮ್ ಅನ್ನೇ ರೋಗಿಯ ಸುತ್ತ ತಿರುಗಿಸಿ ಟೇಬಲ್ ಮೇಲೆಯೇ ಸಿಟಿಯಂಥ ಮೂರು ಆಯಾಮದ ಚಿತ್ರ ಪಡೆಯುತ್ತಾರೆ. ಚಿತ್ರ ಆ ದಿನದ್ದು, ಆ ಭಂಗಿಯದ್ದು. ಯಂತ್ರ ದುಬಾರಿ, ಜಾಗವೂ ಜಾಸ್ತಿ ಬೇಕು, ವಿಕಿರಣ ಮತ್ತೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕದಂತೆ ಹಾಕಿಕೊಂಡು ಮೂರು ಆಯಾಮದ ಕಿಡ್ನಿಯನ್ನು ಎದುರಿಗೆ ತೇಲಿಸಿ ನೋಡುವ ಸಾಧನಗಳನ್ನೂ, ಸೂಜಿ ಹಿಡಿಯುವ ರೋಬೋಗಳನ್ನೂ ಪ್ರಯೋಗಿಸಿದ್ದಾರೆ. ರೋಬೋ ಕೈ ನಡುಗುವುದಿಲ್ಲ ನಿಜ. ಆದರೆ ಚಿತ್ರ ಐದು ಮಿ.ಮೀ. ತಪ್ಪು ಹೇಳಿದರೆ ರೋಬೋ ಅದೇ ತಪ್ಪು ಜಾಗಕ್ಕೆ ನಡುಗದೆ ಹೋಗುತ್ತದೆ, ಅಷ್ಟೇ.

ರೋಗಿಯ ಕಡೆಯಿಂದ

ಆಪರೇಷನ್ ನಿಗದಿಯಾದವರಿಗೆ ಇದರಲ್ಲಿ ಉಪಯೋಗಕ್ಕೆ ಬರುವುದು ಎರಡು ಮೂರು ಸಂಗತಿ. ಸಿಟಿಯ ಪ್ರಿಂಟ್ ಹಾಳೆ, ರಿಪೋರ್ಟ್ ಮಾತ್ರ ಇದ್ದರೆ ಸರ್ಜನ್‌ಗೆ ಅರ್ಧ ಮಾತ್ರ ಸಿಕ್ಕಿದ ಹಾಗೆ. ದಾರಿ ಯೋಚಿಸಲು ಅವರಿಗೆ ಮೂಲ ಡಿಜಿಟಲ್ ಫೈಲ್ ಬೇಕು. ಒಂದೆರಡು ಮಿ.ಮೀ. ತೆಳ್ಳಗಿನ ಸೀಳುಗಳಿದ್ದರೆ ಮಾತ್ರ ಮೂರು ಆಯಾಮದಲ್ಲಿ ತಿರುಗಿಸಿ ನೋಡಲು, ಫ್ಯೂಷನ್ ಮಾಡಲು ಆಗುತ್ತದೆ. ಹಾಗಾಗಿ ಸಿಡಿಯನ್ನೋ ಲಿಂಕನ್ನೋ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು. ವಿಕಿರಣದ ಭಯ ಇದ್ದವರಿಗೆ ಒಂದು ಅಳತೆ: ಮಾಮೂಲಿ ಹೊಟ್ಟೆಯ ಸಿಟಿಯಲ್ಲಿ ಸುಮಾರು 10 ಮಿಲಿಸೀವರ್ಟ್. ಕಲ್ಲಿಗೆಂದೇ ಕಡಿಮೆ ಡೋಸ್‌ನಲ್ಲಿ ತೆಗೆದರೆ ಮೂರರ ಆಸುಪಾಸು. ಭೂಮಿಯ ಮೇಲೆ ಸುಮ್ನೆ ಬದುಕಿದ್ದರೂ ಮಣ್ಣು, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಕಲ್ಲಿಗೆ ಕಡಿಮೆ ಡೋಸ್ ಸಾಕಾ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ತುಂಬಾ ದಪ್ಪ ಮೈಯವರಲ್ಲಿ ಮಾತ್ರ ಅದರಲ್ಲಿ ಚಿತ್ರ ಮಸುಕಾಗುತ್ತದೆ.

ಯಾವ ಯಂತ್ರ ಇದೆ ಎನ್ನುವುದನ್ನೇ ನೋಡಿ ಆಸ್ಪತ್ರೆ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಹಿಡಿದು ನೂರಾರು ಕಿಡ್ನಿಗೆ ಸೂಜಿ ಹಾಕಿದವರ ಕೈ, ಫ್ಯೂಷನ್ ಯಂತ್ರ ಹೊಸದಾಗಿ ತಂದವರ ಕೈಗಿಂತ ಮೇಲು. ಫ್ಯೂಷನ್‌ನಿಂದ ಹೆಚ್ಚು ಲಾಭ ಆಗುವುದು ಕಷ್ಟದ ಪ್ರಕರಣಗಳಲ್ಲಿ: ಬೆನ್ನುಮೂಳೆ ಡೊಂಕಾದವರು, ಕುದುರೆ ಲಾಳದಂತೆ ಎರಡೂ ಕಿಡ್ನಿ ಕೂಡಿಕೊಂಡವರು, ಕಿಡ್ನಿಯ ಹಿಂದೆ ಕರುಳು ಇರುವವರು. ಜೊತೆಗೆ, ಕಲಿಯುತ್ತಿರುವ ಕೈಗಳಿಗೆ.

ಕಲ್ಲು ತೆಗೆದ ಮೇಲೆ

ಕಲ್ಲು ಪೂರ್ತಿ ಹೋಯಿತಾ? ಉತ್ತರ ಯಾವ ಯಂತ್ರದಿಂದ ನೋಡಿದಿರಿ ಎಂಬುದರ ಮೇಲೆ ನಿಂತಿದೆ. ಆಪರೇಷನ್ ಮುಗಿಯುವಾಗ ಸಿ-ಆರ್ಮ್‌ನಲ್ಲಿ ಏನೂ ಕಾಣದೇ ಇರಬಹುದು. ಎಕ್ಸ್‌ರೇಗೆ ಕಾಣದ ಕಲ್ಲಾಗಿದ್ದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಅಲ್ಟ್ರಾಸೌಂಡ್ ಸಣ್ಣ ಚೂರುಗಳನ್ನು ಬಿಟ್ಟುಬಿಡುತ್ತದೆ, ಕಂಡದ್ದನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದೂ ಉಂಟು. ಸಿಟಿ ಮಾತ್ರ ಒಂದೆರಡು ಮಿ.ಮೀ. ಚೂರನ್ನೂ ಬಿಡುವುದಿಲ್ಲ. ಅದಕ್ಕೇ ಸಿಟಿಯಿಂದ ಅಳೆದ ಆಸ್ಪತ್ರೆಯ ಯಶಸ್ಸು ಕಾಗದದ ಮೇಲೆ ಕಡಿಮೆ ಕಾಣುತ್ತದೆ, ಎಕ್ಸ್‌ರೇಯಿಂದ ಅಳೆದವರದು ಜಾಸ್ತಿ ಕಾಣುತ್ತದೆ. 2007ರಿಂದ 2009ರವರೆಗೆ 96 ಆಸ್ಪತ್ರೆಗಳ 5,803 ರೋಗಿಗಳನ್ನು ಸೇರಿಸಿ ನಡೆದ ಒಂದು ಅಂತರರಾಷ್ಟ್ರೀಯ ಪಿಸಿಎನ್‌ಎಲ್ ಅಧ್ಯಯನದಲ್ಲಿ ಕಲ್ಲು ಪೂರ್ತಿ ಹೋದವರು ಶೇ. 75.7. ರಕ್ತ ಕೊಡಬೇಕಾಗಿ ಬಂದದ್ದು ಶೇ. 5.7 ಜನರಿಗೆ. ಇಂಥ ಅಂಕಿಗಳನ್ನು ಓದುವಾಗ, ಹೋಲಿಸುವಾಗ, ಹೇಗೆ ಅಳೆದರು ಎಂದು ಮೊದಲು ನೋಡಬೇಕು.

ಚೂರು ಉಳಿದಿದ್ದರೆ ಮುಂದಿನ ತೀರ್ಮಾನ ಅದರ ಗಾತ್ರ ಮತ್ತು ಜಾಗ ನೋಡಿ. ಬೆನ್ನಿನಲ್ಲಿ ಕೊಳವೆ ಇನ್ನೂ ಬಿಟ್ಟಿದ್ದರೆ, ಕೆಲವು ದಿನಗಳಲ್ಲಿ ಅದೇ ದಾರಿಯಲ್ಲಿ ಮತ್ತೆ ಸ್ಕೋಪ್ ಇಳಿಸಿ ತೆಗೆಯಬಹುದು. ಹೊಸ ಸೂಜಿ ಬೇಕಿಲ್ಲ. ಕೊಳವೆ ತೆಗೆದಾಗಿದ್ದರೆ ಕೆಳಗಿನಿಂದ ಬಾಗುವ ಸ್ಕೋಪ್ ಹೋಗುತ್ತದೆ, ಅಥವಾ ಚೂರು ತಾನಾಗಿಯೇ ಇಳಿಯಲಿ ಎಂದು ಕಾಯುತ್ತಾರೆ. ಎರಡನೇ ಸಲ ಒಳಗೆ ಹೋಗುವುದಾದರೆ ಹಳೆಯ ಸಿಟಿ ಇನ್ನು ಕೆಲಸಕ್ಕೆ ಬಾರದು. ಆಪರೇಷನ್ ಆದ ಮೇಲೆ ತೆಗೆದ ಸಿಟಿಯಿಂದಲೇ ದಾರಿಯ ಲೆಕ್ಕ ಮತ್ತೆ ಶುರುವಾಗಬೇಕು.